ಜಾಲತಾಣದ ಕಡತಗಳನ್ನು ಸರ್ವರಿಗೆ ಏರಿಸುವ ಕ್ರಮ

ನಮ್ಮ ಊರಿನ ವಾಚನಾಲಯದ ಒಳಬಾಗಿಲಿನ ಮೇಲೆ ಬಣ್ಣ ಮಾಸಿದ ಹಲಗೆಯೊಂದು ಬಹುಕಾಲದಿಂದ ತೂಗುತ್ತಿದೆ; ‘ಓದಿದ ಪುಸ್ತಕವನ್ನು ತೆಗೆದ ಜಾಗದಲ್ಲಿಯೇ ಇಡಿ’ ಎಂಬುದು ಅದರ ಒಕ್ಕಣೆ. ಆ ವಾಚನಾಲಯವನ್ನು ನಡೆಸಿಕೊಂಡು ಬರುತ್ತಿರುವವರು ನಿವೃತ್ತ ಉಪಾಧ್ಯಾಯರು. ಊರಿಗೆಲ್ಲ ಅವರು ಮೇಷ್ಟ್ರು. ಪುಸ್ತಕಗಳ ಪಟ್ಟಿ, ಸದಸ್ಯರಾಗುವ ವಿಧಾನ, ಬಾಗಿಲು ತೆರೆದಿರುವ ವೇಳೆ, ನಾಲ್ಕಾರು ಹಳೆಯ ಚಿತ್ರಗಳು, ಇಷ್ಟನ್ನು ಒಳಗೊಂಡ ಜಾಲತಾಣವೊಂದು ಆಗಬೇಕೆಂದು ಅವರಿಗೆ ಅಪೇಕ್ಷೆಯುಂಟಾಗಲು, ಅವರ ಹಳೆಯ ಶಿಷ್ಯನಾದ ತರುಣನೊಬ್ಬನು ತನ್ನ ಮನೆಯ ಕಂಪ್ಯೂಟರಿನಲ್ಲಿ ಹನ್ನೆರಡು ಪುಟಗಳನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಿದನು. ಬ್ರೌಸರಿನಲ್ಲಿ ತೆರೆದು ನೋಡಿದರೆ ಎಲ್ಲವೂ ಸೊಗಸಾಗಿ ಕಾಣುತ್ತಿತ್ತು. ಸಂತೋಷದ ಭರದಲ್ಲಿ ಅವನು ಮೇಲಿನ ವಿಳಾಸವನ್ನು ಹಾಗೆಯೇ ನಕಲು ಮಾಡಿ ಶಿವಮೊಗ್ಗದ ಗೆಳೆಯರಿಗೆಲ್ಲ ಕಳುಹಿಸಿದನು. ಅವರಲ್ಲಿ ಒಬ್ಬರಿಗೂ ಏನೂ ಕಾಣಿಸಲಿಲ್ಲ.

“ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತೆ ಸಾರ್, ಅವರಿಗೆ ಯಾಕೆ ಕಾಣೋದಿಲ್ಲ?” ಎಂದು ಅವನು ನನ್ನನ್ನು ಕೇಳುತ್ತಿರುವಾಗ ಮೇಷ್ಟ್ರು ಅಲ್ಲಿಯೇ ಕುಳಿತಿದ್ದರು. ಅವನು ಕಳುಹಿಸಿದ್ದ ವಿಳಾಸವು ‘ಫೈಲ್’ ಎಂಬ ಮಾತಿನಿಂದ ಮೊದಲಾಗಿ, ‘ಸಿ’ ಡ್ರೈವನ್ನು ಹಾದು, ಅವನ ಡೆಸ್ಕ್‌ಟಾಪಿನಲ್ಲಿ ಮುಗಿಯುತ್ತಿತ್ತು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ಕಂಪ್ಯೂಟರನ್ನು ಮುಟ್ಟಿಯೂ ನೋಡದ ಮೇಷ್ಟ್ರೇ ಹೇಳಿದರು: “ಕಾಗದ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೀಯಲ್ಲಪ್ಪ, ಅಂಚೆಗೆ ಹಾಕಿದ್ದೀಯೇನು?”

ವಿಷಯದ ತಿರುಳು ಅಷ್ಟೇ. ಆದರೆ ಅಂಚೆಗೆ ಹಾಕುವ ಈ ಕಾರ್ಯವು, ಇಂಗ್ಲಿಷ್ ಪರಿಭಾಷೆಯ ದಟ್ಟಣೆಯಿಂದಾಗಿ, ಹೊಸಬರಿಗೆ ನಿಷ್ಕಾರಣವಾಗಿ ಭಯವನ್ನುಂಟುಮಾಡುತ್ತದೆ. ಕಡತಗಳನ್ನು ಸಾಗಿಸುವುದು ತಂತ್ರಾಂಶದ ಕೆಲಸ. ಅದರಲ್ಲಿ ತಪ್ಪಾಗುವುದು ಅಪೂರ್ವ. ತಪ್ಪುಗಳಾಗುವುದು ಬಹುಮಟ್ಟಿಗೆ ಹೆಸರಿನಲ್ಲಿ ಮತ್ತು ಸ್ಥಾನದಲ್ಲಿ. ಎಂದರೆ ಮೇಷ್ಟ್ರ ಹಲಗೆಯು ಎಚ್ಚರಿಸುವ ವಿಷಯದಲ್ಲಿಯೇ. ಆದಕಾರಣ ಮುಂದಿನ ಬರೆಹದಲ್ಲಿ ಆ ವಾಚನಾಲಯದ ತಾಣವನ್ನೇ ಉದಾಹರಣೆಯಾಗಿಟ್ಟುಕೊಂಡು, ಮೊದಲಿನಿಂದ ಕಡೆಯವರೆಗೆ ನಡೆಸಿದ ಕಾರ್ಯವನ್ನು ಕ್ರಮವಾಗಿ ನಿರೂಪಿಸಿದ್ದೇನೆ. ಕಡತಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯತಕ್ಕದ್ದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಜಾಗ, ಹೆಸರು ಮತ್ತು ಕೀಲಿ

ಜಾಲತಾಣವೆಂಬುದು ಮೂಲತಃ ಕಡತಗಳ ಒಂದು ಸಮೂಹ. ಬರೆಹವನ್ನು ಹೊತ್ತ ಎಚ್‌ಟಿಎಂಎಲ್ ಕಡತಗಳು, ಅವುಗಳ ಅಲಂಕಾರವನ್ನು ನಿರ್ಣಯಿಸುವ ಸಿಎಸ್‌ಎಸ್ ಕಡತ, ಚಿತ್ರಗಳು, ಇವೆಲ್ಲವೂ ಹಗಲಿರುಳು ಎಚ್ಚೆತ್ತಿದ್ದು ಅಂತರಜಾಲದೊಡನೆ ಸದಾ ಸಂಬಂಧವನ್ನಿರಿಸಿಕೊಂಡಿರುವ ಕಂಪ್ಯೂಟರೊಂದರಲ್ಲಿ ನೆಲೆಸಿದಾಗ ಮಾತ್ರ ಪರಸ್ಥಳದವರಿಗೆ ದೊರೆಯುತ್ತವೆ. ಅಂಥ ಕಂಪ್ಯೂಟರೇ ಸರ್ವರು; ಅದರಲ್ಲಿ ನಮಗೆ ಇಷ್ಟೆಂದು ಜಾಗವನ್ನು ಬಾಡಿಗೆಗೆ ಕೊಡುವ ವ್ಯವಹಾರವೇ ಹೋಸ್ಟಿಂಗ್. ಇನ್ನು ಡೊಮೈನ್ ಎಂಬುದು ಆ ಜಾಗಕ್ಕೆ ನಾವು ಇಟ್ಟುಕೊಳ್ಳುವ ಹೆಸರು. ಇವೆರಡೂ ಪ್ರತ್ಯೇಕ ವಸ್ತುಗಳೆಂಬುದನ್ನು ಅನೇಕರು ಮರೆಯುತ್ತಾರೆ. ಹೆಸರನ್ನು ಒಂದು ಕಂಪನಿಯಿಂದಲೂ ಜಾಗವನ್ನು ಇನ್ನೊಂದರಿಂದಲೂ ಕೊಂಡವರು, ಹೆಸರು ಕೊಂಡ ಕಡೆಯ ಖಾತೆಯಲ್ಲಿ, ಜಾಗ ಕೊಟ್ಟವರು ತಿಳಿಸಿದ ನೇಮ್‌ಸರ್ವರುಗಳನ್ನು ನಮೂದಿಸಿ ಎರಡಕ್ಕೂ ಗಂಟು ಹಾಕಬೇಕು. ಹಾಕಿದ ಗಂಟು ಲೋಕಕ್ಕೆಲ್ಲ ತಿಳಿಯಲು ಕೆಲವು ಗಂಟೆಗಳು, ಕೆಲವೊಮ್ಮೆ ಒಂದೆರಡು ದಿನಗಳು ಹಿಡಿಯಬಹುದಾದ್ದರಿಂದ, ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳುವುದು ಜಾಣತನ.

ಹೋಸ್ಟಿಂಗ್ ಕೊಂಡ ಕೂಡಲೆ ಕಂಪನಿಯಿಂದ ಒಂದು ಇಮೇಲ್ ಬರುತ್ತದೆ. ಅದರಲ್ಲಿ ನಮಗೆ ಪ್ರಕೃತ ಬೇಕಾದುವು ನಾಲ್ಕೇ ಸಂಗತಿಗಳು: ಸರ್ವರಿನ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡು ಮತ್ತು ಪೋರ್ಟ್ ಸಂಖ್ಯೆ, ಎಂದರೆ ಸರ್ವರಿನ ಯಾವ ಬಾಗಿಲಿನಿಂದ ಒಳಹೋಗಬೇಕೆಂಬ ಅಂಕಿ. ಹಣ ಕಟ್ಟಲು ಬಳಸುವ ಖಾತೆಯ ಪಾಸ್‌ವರ್ಡೇ ಬೇರೆ, ಸರ್ವರಿನೊಳಕ್ಕೆ ಹೋಗುವ ಪಾಸ್‌ವರ್ಡೇ ಬೇರೆ. ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಹತ್ತು ಬಾರಿ ಹೊಡೆದು ಸರ್ವರಿನಿಂದ ಬಹಿಷ್ಕೃತರಾದವರು ಉಂಟು. ಏಕೆಂದರೆ ಮೇಲಿಂದ ಮೇಲೆ ತಪ್ಪು ಪಾಸ್‌ವರ್ಡು ಬಂದರೆ ಅನೇಕ ಸರ್ವರುಗಳು ಆ ಕಡೆಯ ವಿಳಾಸವನ್ನೇ ಸ್ವಲ್ಪ ಕಾಲ ತಡೆದುಬಿಡುತ್ತವೆ.

ದಾರಿಯ ಪೂರ್ವವೃತ್ತಾಂತ

ಕಡತಗಳನ್ನು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಸಾಗಿಸುವಾಗ ಎರಡೂ ಒಪ್ಪಿಕೊಂಡ ನಿಯಮಾವಳಿಯೊಂದು ಬೇಕಷ್ಟೆ. ಎಫ್‌ಟಿಪಿ ಎಂದು ಪ್ರಸಿದ್ಧವಾದ ಅಂಥ ನಿಯಮಾವಳಿಯ ಪ್ರಥಮ ನಿರೂಪಣೆಯು 1971ರ ಏಪ್ರಿಲ್ 16ರಂದು ಪ್ರಕಟವಾಯಿತು. ಅದನ್ನು ಬರೆದವರು ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ವ್ಯಾಸಂಗ ಮಾಡಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ ಎಂಬುದು ನಮ್ಮವರು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ಟಿಮ್ ಬರ್ನರ್ಸ್‌-ಲೀ ಅವರ ವರ್ಲ್ಡ್ ವೈಡ್ ವೆಬ್ ಲೋಕಕ್ಕೆ ಪರಿಚಯವಾದದ್ದು 1991ರಲ್ಲಿ. ಆದ್ದರಿಂದ ಜಾಲತಾಣಗಳು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವನ್ನು ಏರಿಸುವ ದಾರಿ ಸಿದ್ಧವಾಗಿತ್ತೆಂದು ಹೇಳಬಹುದು.

ಆದರೆ ಆ ಕಾಲದ ಜಾಲವು ಪರಸ್ಪರ ಬಲ್ಲ ವಿದ್ವಾಂಸರ ಒಂದು ಸಣ್ಣ ಕೂಟವಾಗಿದ್ದುದರಿಂದ, ಕಳ್ಳರ ಚಿಂತೆ ಯಾರಿಗೂ ಇರಲಿಲ್ಲ. ಎಫ್‌ಟಿಪಿಯಲ್ಲಿ ಪಾಸ್‌ವರ್ಡು ಮೊದಲ್ಗೊಂಡು ಎಲ್ಲವೂ, ಅಂಚೆಕಾರ್ಡಿನ ಮೇಲೆ ಬರೆದ ಗುಟ್ಟಿನಂತೆ, ದಾರಿಯಲ್ಲಿ ಇರುವವರಿಗೆ ಓದಲು ಬರುವಂತೆಯೇ ಸಾಗುತ್ತದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡುಗಳ ಕಳವು ನಡೆಯಲಾಗಿ, ಅಲ್ಲಿನ ಸಂಶೋಧಕ ಟಾಟು ಯೂಲೊನೆನ್ ಅವರು ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ರಚಿಸಿದರು. ಎಫ್‌ಟಿಪಿಗೆ 21 ಎಂಬ ಪೋರ್ಟ್ ಸಂಖ್ಯೆಯೂ, ದೂರದ ಕಂಪ್ಯೂಟರನ್ನು ನಡೆಸುವ ಟೆಲ್‌ನೆಟ್ಟಿಗೆ 23 ಎಂಬುದೂ ಅದಾಗಲೇ ಇದ್ದುವು. ಈ ಎರಡರ ಬದಲಿಗೂ ಬರುವ ತಮ್ಮ ಮಾರ್ಗಕ್ಕೆ, ನಡುವೆ ಖಾಲಿ ಉಳಿದಿದ್ದ 22ನ್ನು ಅವರು ಕೇಳಿ ಪಡೆದುಕೊಂಡರು. ಆ ಮಾರ್ಗದಲ್ಲಿ ಕಡತಗಳನ್ನು ಸಾಗಿಸುವ ವಿಧಾನಕ್ಕೆ ಎಸ್‌ಎಫ್‌ಟಿಪಿ ಎಂದು ಹೆಸರು.

ಇದರಿಂದ ವಾಚಕರು ಗ್ರಹಿಸಬೇಕಾದ ನೀತಿ ಇಷ್ಟು: ನಿಮ್ಮ ಹೋಸ್ಟಿಂಗಿನಲ್ಲಿ ಎಸ್‌ಎಫ್‌ಟಿಪಿ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ 22ನೆಯ ಪೋರ್ಟ್ ಇದ್ದರೂ, ಭದ್ರತೆಯ ದೃಷ್ಟಿಯಿಂದ ಕೆಲವು ಕಂಪನಿಗಳು ಬೇರೆ ಸಂಖ್ಯೆಯನ್ನು ಕೊಟ್ಟಿರುತ್ತವೆ; ಅದು ಇಮೇಲಿನಲ್ಲಿಯೇ ಇರುತ್ತದೆ. ಎಸ್‌ಎಫ್‌ಟಿಪಿ ಇಲ್ಲವಾದರೆ ಹಳೆಯ ಎಫ್‌ಟಿಪಿಗೇ ಟಿಎಲ್‌ಎಸ್ ಎಂಬ ಕವಚ ತೊಡಿಸಿದ ಎಫ್‌ಟಿಪಿಎಸ್ ಸಾಕು. ಬರಿಯ ಎಫ್‌ಟಿಪಿಯನ್ನು, ಅದರಲ್ಲಿಯೂ ಬಸ್ ನಿಲ್ದಾಣ, ಹೋಟೆಲು ಮುಂತಾದ ಕಡೆಗಳ ಸಾರ್ವಜನಿಕ ವೈಫೈಯಲ್ಲಿ, ಉಪಯೋಗಿಸಲೇಬಾರದು.

ಹೊರಡುವ ಮುನ್ನ

ಮದುವೆಯ ದಿಬ್ಬಣ ಹೊರಟ ಮೇಲೆ ತಾಳಿಯನ್ನು ಹುಡುಕುವವರಂತೆ, ಏರಿಸಿದ ಮೇಲೆ ಕಡತಗಳನ್ನು ತಿದ್ದುವವರೇ ಹೆಚ್ಚು. ವಾಚನಾಲಯದ ತಾಣಕ್ಕೆ ನಾವು ಏರಿಸುವುದರಲ್ಲಿ ಕಳೆದದ್ದು ಐದು ನಿಮಿಷ. ಸಿದ್ಧತೆಯಲ್ಲಿ ಕಳೆದದ್ದು ಒಂದು ಮಧ್ಯಾಹ್ನ.

ಮೊದಲನೆಯದಾಗಿ, ತಾಣಕ್ಕೆ ಸಂಬಂಧಿಸಿದ ಸಮಸ್ತವೂ ಒಂದೇ ಫೋಲ್ಡರಿನಲ್ಲಿ ಇರಬೇಕು. ಚಿತ್ರಗಳಿಗೆ ಅದರೊಳಗೇ ಒಂದು ಉಪಫೋಲ್ಡರು ಇರಬಹುದು. ತರುಣನು ಒಂದೆರಡು ಚಿತ್ರಗಳನ್ನು ‘ಡೌನ್‌ಲೋಡ್ಸ್’ ಫೋಲ್ಡರಿನಿಂದಲೇ ಪುಟಕ್ಕೆ ಜೋಡಿಸಿದ್ದನು. ಆ ಪುಟದ ಒಳಗೆ ಇಣುಕಿ ನೋಡಲಾಗಿ ಚಿತ್ರದ ವಿಳಾಸವು ಮತ್ತೆ ‘ಸಿ’ ಡ್ರೈವಿನಿಂದಲೇ ಆರಂಭವಾಗುತ್ತಿತ್ತು. ಸರ್ವರಿಗೆ ಅವನ ‘ಸಿ’ ಡ್ರೈವಿನ ಗೊಡವೆಯೇ ಇಲ್ಲವಾದ್ದರಿಂದ, ಚಿತ್ರದ ವಿಳಾಸವನ್ನು ಪುಟವು ಇರುವ ಸ್ಥಾನದಿಂದ ಎಣಿಸಿ, ‘ಚಿತ್ರಗಳ ಫೋಲ್ಡರು, ಅದರೊಳಗೆ ಇಂಥ ಹೆಸರಿನ ಚಿತ್ರ’ ಎಂಬಷ್ಟನ್ನೇ ಬರೆಯತಕ್ಕದ್ದು. ನಡುವೆ ಹಾಕುವ ಓರೆಗೆರೆಯು ಮುಂದಕ್ಕೆ ಬಾಗಿರಬೇಕು. ವಿಂಡೋಸ್ ಬಳಸುವ ಹಿಂದಕ್ಕೆ ಬಾಗಿದ ಗೆರೆಯಲ್ಲ.

ಎರಡನೆಯದು ಹೆಸರುಗಳ ವಿಚಾರ. ಮುಖಪುಟಕ್ಕೆ ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂಬ ಹೆಸರನ್ನೇ ಇಡಬೇಕು. ಓದುಗನು ಬರಿಯ ಡೊಮೈನನ್ನು ಬರೆದು ಬಂದಾಗ ಸರ್ವರು ಮೊದಲು ಹುಡುಕುವುದು ಆ ಕಡತವನ್ನೇ. ಉಳಿದ ಹೆಸರುಗಳಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ ಮತ್ತು ಅಡ್ಡಗೆರೆ, ಇಷ್ಟನ್ನೇ ಬಳಸಿ, ತೆರಪನ್ನು ಪೂರ್ಣವಾಗಿ ವರ್ಜಿಸಿರಿ. ಇದಕ್ಕೆ ಕಾರಣವುಂಟು. ಹೋಸ್ಟಿಂಗ್ ಸರ್ವರುಗಳಲ್ಲಿ ಬಹುಪಾಲು ಲಿನಕ್ಸಿನಲ್ಲಿ ನಡೆಯುತ್ತವೆ. ವಿಂಡೋಸಿಗೆ ದೊಡ್ಡಕ್ಷರವೂ ಸಣ್ಣಕ್ಷರವೂ ಒಂದೇ ಆದರೆ, ಲಿನಕ್ಸಿಗೆ ಅವು ಭಿನ್ನ ವ್ಯಕ್ತಿಗಳು. ಕನ್ನಡದಲ್ಲಿಯೇ ಹೆಸರಿಡಬಾರದೇಕೆ ಎಂದು ಕೇಳಬಹುದು. ಇಡಬಹುದು, ಆದರೆ ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡರೆ, ಯೂನಿಕೋಡಿನಲ್ಲಿ ಅದು ಕ, ನ, ಹಲಂತ ಚಿಹ್ನೆ, ನ, ಡ ಎಂದು ಐದು ಸಂಕೇತಗಳು, ಒಂದೊಂದಕ್ಕೂ ಮೂರು ಬೈಟ್, ವಿಳಾಸದಲ್ಲಿ ಸೇರಿಸುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡಗೂಡಿ ಮೂರು ಅಕ್ಷರಗಳಾಗುತ್ತದೆ. ಹೀಗೆ ಮೂರಕ್ಷರದ ನಮ್ಮ ಪದವು ನಕಲು ಮಾಡಿ ವಾಟ್ಸ್ಆ್ಯಪಿನಲ್ಲಿ ಕಳುಹಿಸುವ ಹೊತ್ತಿಗೆ ನಲವತ್ತೈದು ಅಕ್ಷರಗಳ ಬಾಲವಾಗಿಬಿಡಬಹುದು. ಆದ್ದರಿಂದ ಕನ್ನಡವು ಪುಟದೊಳಗೆ ಮೆರೆಯಲಿ, ಕಡತದ ಹೆಸರಿನಲ್ಲಿ ಬೇಡ.

ಪುಟದೊಳಗಿನ ಕನ್ನಡಕ್ಕೂ ಒಂದು ಪಥ್ಯವಿದೆ. ವಾಚನಾಲಯದ ಪುಸ್ತಕಪಟ್ಟಿಯನ್ನು ಮೇಷ್ಟ್ರು ಬಹಳ ಹಿಂದೆ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ, ಟೈಪ್ ಮಾಡಿಸಿಟ್ಟಿದ್ದರು. ಅದೇ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿಯೇ ಕಾಣುತ್ತದೆ. ಓದುಗರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಆದಕಾರಣ ಅಂಥ ಪಠ್ಯವನ್ನೆಲ್ಲ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಾರೆ ಓದಿ, ಕಡತವನ್ನು ಉಳಿಸುವಾಗ ‘ಎನ್‌ಕೋಡಿಂಗ್’ ಎಂಬಲ್ಲಿ ಯುಟಿಎಫ್-8 ಎಂದು ಆರಿಸಬೇಕು. ಪುಟದ ಶಿರೋಭಾಗದಲ್ಲಿಯೂ ‘ಕ್ಯಾರ್‌ಸೆಟ್ ಯುಟಿಎಫ್-8’ ಎಂಬ ಘೋಷಣೆ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಬ್ರೌಸರು ಅಕ್ಷರಗಳನ್ನು ಅಪಾರ್ಥ ಮಾಡಿಕೊಳ್ಳುವ ಸಂಭವವಿದೆ.

ಚಿತ್ರಗಳ ಗಾತ್ರದ ಬಗ್ಗೆ ಒಂದು ಮಾತು ಸಾಕು. ಹನ್ನೆರಡು ಮೆಗಾಪಿಕ್ಸೆಲಿನ ಮೊಬೈಲ್ ಚಿತ್ರವು ಸುಮಾರು 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ ಇರುತ್ತದೆ. ಪುಟಕ್ಕೆ 1200 ಚುಕ್ಕಿಯ ಅಗಲವೇ ಧಾರಾಳ. ಕುಗ್ಗಿಸದೆ ಏರಿಸಿದರೆ ನಮಗೆ ನಷ್ಟವಿಲ್ಲ. ಹಳ್ಳಿಯ ದುರ್ಬಲ ಸಿಗ್ನಲ್ಲಿನಲ್ಲಿ ಕಾಯುವ ಓದುಗನಿಗೆ ನಷ್ಟ.

ಏರಿಸುವ ಕ್ರಮ

ಹಿಂದೆ ಬ್ರೌಸರಿನಲ್ಲಿಯೇ ಎಫ್‌ಟಿಪಿ ವಿಳಾಸಗಳನ್ನು ತೆರೆಯಬಹುದಾಗಿತ್ತು. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಆ ಸೌಕರ್ಯವನ್ನು ತೆಗೆದುಹಾಕಿದುವು. ಆದ್ದರಿಂದ ಈ ಕೆಲಸಕ್ಕೆಂದೇ ಇರುವ ತಂತ್ರಾಂಶವೊಂದನ್ನು ಸ್ಥಾಪಿಸಿಕೊಳ್ಳಬೇಕು. ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ, ಸೈಬರ್‌ಡಕ್ ಮುಂತಾದುವು ಉಚಿತವಾಗಿ ದೊರೆಯುತ್ತವೆ. ಅವನ್ನು ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳುವುದು ಕ್ಷೇಮ. ನಾವು ಬಳಸಿದ್ದು ಫೈಲ್‌ಜಿಲ್ಲಾ.

ಅದರ ‘ಸೈಟ್ ಮ್ಯಾನೇಜರ್’ ತೆರೆದು, ಹೊಸ ತಾಣವೊಂದನ್ನು ಸೇರಿಸಿ, ‘ಪ್ರೊಟೊಕಾಲ್’ ಎಂಬಲ್ಲಿ ಎಸ್‌ಎಫ್‌ಟಿಪಿ ಆರಿಸಿ, ಇಮೇಲಿನಲ್ಲಿ ಬಂದ ನಾಲ್ಕು ಸಂಗತಿಗಳನ್ನೂ ಆಯಾ ಸ್ಥಾನದಲ್ಲಿ ತುಂಬಿ ‘ಕನೆಕ್ಟ್’ ಒತ್ತಬೇಕು. ಪ್ರಥಮ ಸಂಪರ್ಕದಲ್ಲಿ, ಈ ಸರ್ವರಿನ ಗುರುತು ನನಗೆ ಅಪರಿಚಿತ, ನಂಬಲೇ ಎಂದು ತಂತ್ರಾಂಶವು ಕೇಳುತ್ತದೆ. ವಿಳಾಸವನ್ನು ಇನ್ನೊಮ್ಮೆ ಓದಿಕೊಂಡು ಒಪ್ಪಬಹುದು. ಮುಂದೊಂದು ದಿನ, ಏನನ್ನೂ ಬದಲಾಯಿಸದೆ ಇರುವಾಗ, ಆ ಗುರುತು ಬದಲಾಗಿದೆಯೆಂಬ ಎಚ್ಚರಿಕೆ ಬಂದರೆ ಮಾತ್ರ ಕಂಪನಿಯನ್ನು ವಿಚಾರಿಸದೆ ಮುಂದುವರಿಯಬಾರದು.

ಸಂಪರ್ಕವಾದೊಡನೆ ಪರದೆಯು ಎರಡು ಭಾಗವಾಗುತ್ತದೆ: ಎಡಗಡೆ ನಮ್ಮ ಕಂಪ್ಯೂಟರು, ಬಲಗಡೆ ಸರ್ವರು. ಬಲಗಡೆ ಹಲವು ಫೋಲ್ಡರುಗಳಿರುತ್ತವೆ. ಮಿಂಚಂಚೆಗೆ ಒಂದು, ದಾಖಲೆಗಳಿಗೆ ಒಂದು, ಹೀಗೆ. ಲೋಕಕ್ಕೆ ತೆರೆದಿರುವುದು ಅವುಗಳಲ್ಲಿ ಒಂದೇ. ಸಿಪ್ಯಾನೆಲ್ ಎಂಬ ನಿಯಂತ್ರಣ ಫಲಕವಿರುವ ಹೋಸ್ಟಿಂಗಿನಲ್ಲಿ ಅದರ ಹೆಸರು ‘ಪಬ್ಲಿಕ್_ಎಚ್‌ಟಿಎಂಎಲ್’. ಬೇರೆ ಕಡೆಗಳಲ್ಲಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಅಥವಾ ‘ಎಚ್‌ಟಿಡಾಕ್ಸ್’ ಎಂದೂ ಇರಬಹುದು. ಅದನ್ನು ತೆರೆದು ಒಳಗೆ ಹೋದ ಮೇಲೆಯೇ ಮುಂದಿನ ಮಾತು. ಅದರ ಹೊರಗೆ ಇಟ್ಟ ಪುಟವು, ಬಾಗಿಲು ಹಾಕಿದ ಕೋಣೆಯಲ್ಲಿ ಜೋಡಿಸಿದ ಪುಸ್ತಕದಂತೆ, ಇದ್ದೂ ಇಲ್ಲದುದು.

ಈಗ ಎಡಗಡೆ ತಾಣದ ಫೋಲ್ಡರನ್ನು ತೆರೆದು, ಅದರ ಒಳಗಿರುವುದನ್ನೆಲ್ಲ ಆಯ್ದು ಬಲಗಡೆಗೆ ಎಳೆದು ಬಿಡಬೇಕು. ‘ಒಳಗಿರುವುದನ್ನು’ ಎಂದು ಒತ್ತಿ ಹೇಳುವುದಕ್ಕೆ ಕಾರಣ, ನಮ್ಮ ತರುಣನು ಮೊದಲ ಸಲ ‘ವಾಚನಾಲಯ’ ಎಂಬ ಫೋಲ್ಡರನ್ನೇ ಇಡಿಯಾಗಿ ಎಳೆದು ಹಾಕಿದ್ದನು. ಅದರ ಫಲವಾಗಿ ಡೊಮೈನಿನ ಬಾಗಿಲಲ್ಲಿ ನಿಂತವನಿಗೆ ಹೋಸ್ಟಿಂಗ್ ಕಂಪನಿಯ ಸ್ವಾಗತಪುಟವೇ ಕಾಣುತ್ತಿತ್ತು. ವಿಳಾಸದ ಮುಂದೆ ಓರೆಗೆರೆ ಹಾಕಿ ‘ವಾಚನಾಲಯ’ ಎಂದು ಸೇರಿಸಿದವನಿಗೆ ಮಾತ್ರ ನಮ್ಮ ಪುಟ ದೊರೆಯುತ್ತಿತ್ತು. ಕಂಪನಿಯು ಮೊದಲೇ ಇಟ್ಟಿರುವ ಆ ಸ್ವಾಗತಪುಟವನ್ನು ಅಳಿಸಿಬಿಡುವುದೂ ಒಳ್ಳೆಯದು.

ಕಡತಗಳು ಸಾಗುತ್ತಿರುವಾಗ ಕೆಳಗಡೆಯ ಸಾಲಿನ ಮೇಲೆ ಕಣ್ಣಿಟ್ಟಿರಿ. ಎಲ್ಲ ಮುಗಿದ ಮೇಲೆ ‘ಫೇಲ್ಡ್ ಟ್ರಾನ್ಸ್‌ಫರ್ಸ್’ ಎಂಬಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಮತ್ತೆ ಕಳುಹಿಸಬೇಕು. ವಿದ್ಯುತ್ತು, ಸಿಗ್ನಲ್ಲುಗಳ ಕೃಪಾಕಟಾಕ್ಷದಲ್ಲಿ ಬದುಕುವ ನಮಗೆ ಇದು ಮರೆಯಬಾರದ ಹೆಜ್ಜೆ. ಎರಡನೆಯ ಬಾರಿ ಏರಿಸುವಾಗ, ಅದೇ ಹೆಸರಿನ ಕಡತ ಅಲ್ಲಿದೆ, ಏನು ಮಾಡಲಿ ಎಂಬ ಪ್ರಶ್ನೆ ಏಳುತ್ತದೆ. ‘ಮೂಲವು ಹೊಸದಾಗಿದ್ದರೆ ಮಾತ್ರ ಬದಲಾಯಿಸು’ ಎಂಬ ಅರ್ಥದ ಆಯ್ಕೆಯು ಸಾಮಾನ್ಯ ಸಂದರ್ಭಗಳಲ್ಲಿ ಯುಕ್ತವಾದದ್ದು.

ಗಂಟು ಕಟ್ಟಿ ಕಳುಹಿಸುವುದು

ಹನ್ನೆರಡು ಪುಟಗಳಿಗೆ ಈ ವಿಧಾನ ಸಾಕು. ಸಾವಿರಾರು ಸಣ್ಣ ಕಡತಗಳಿದ್ದಾಗ, ಒಂದೊಂದಕ್ಕೂ ಬೇರೆ ಬೇರೆ ಮಾತುಕತೆ ನಡೆಯಬೇಕಾದ್ದರಿಂದ, ಒಟ್ಟು ಗಾತ್ರ ಅಲ್ಪವಾಗಿದ್ದರೂ ಕಾಲವು ವಿಪರೀತ ಹಿಡಿಯುತ್ತದೆ. ಆಗ ಎಲ್ಲವನ್ನೂ ಒಂದು ಜಿಪ್ ಕಡತವಾಗಿ ಗಂಟು ಕಟ್ಟಿ, ಸಿಪ್ಯಾನೆಲಿನ ‘ಫೈಲ್ ಮ್ಯಾನೇಜರ್’ ಮೂಲಕ ಪಬ್ಲಿಕ್_ಎಚ್‌ಟಿಎಂಎಲ್ ಒಳಕ್ಕೆ ಏರಿಸಿ, ಅಲ್ಲಿಯೇ ‘ಎಕ್ಸ್‌ಟ್ರಾಕ್ಟ್’ ಮಾಡಿ ಬಿಚ್ಚಬೇಕು. ಬೇರೆ ತಂತ್ರಾಂಶವೇ ಬೇಡವೆನ್ನುವವರಿಗೂ ಈ ಮಾರ್ಗ ಅನುಕೂಲ. ಬಿಚ್ಚಿದ ಮೇಲೆ ಜಿಪ್ ಕಡತವನ್ನು ಅಳಿಸುವುದನ್ನು ಮರೆಯಬಾರದು. ಲೋಕಕ್ಕೆ ತೆರೆದ ಫೋಲ್ಡರಿನಲ್ಲಿ ಅದು ಉಳಿದರೆ, ಹೆಸರನ್ನು ಊಹಿಸಿದ ಯಾರಾದರೂ ಇಡೀ ತಾಣವನ್ನೇ ಗಂಟಿನ ಸಮೇತ ಒಯ್ಯಬಹುದು.

ವರ್ಡ್‌ಪ್ರೆಸ್ಸಿನಂಥ ವ್ಯವಸ್ಥೆಯಲ್ಲಿ ರೂಪುಗೊಂಡ ತಾಣವಾದರೆ ಕಡತಗಳು ಅದರ ಅರ್ಧ ಮಾತ್ರ. ಬರೆಹವೆಲ್ಲ ದತ್ತಾಂಶಕೋಶದಲ್ಲಿ, ಎಂದರೆ ಡೇಟಾಬೇಸಿನಲ್ಲಿ ಇರುತ್ತದೆ. ಅದನ್ನು ಪಿಎಚ್‌ಪಿಮೈಅಡ್ಮಿನ್ ಎಂಬ ಉಪಕರಣದ ಮೂಲಕ ಪ್ರತ್ಯೇಕವಾಗಿ ಇಳಿಸಿ, ಹೊಸ ಸರ್ವರಿನಲ್ಲಿ ಏರಿಸಿ, ‘ಡಬ್ಲ್ಯುಪಿ-ಕಾನ್ಫಿಗ್’ ಎಂಬ ಕಡತದಲ್ಲಿ ಹೊಸ ಡೇಟಾಬೇಸಿನ ಹೆಸರು, ಪಾಸ್‌ವರ್ಡುಗಳನ್ನು ತಿದ್ದಿದಾಗಲೇ ತಾಣಕ್ಕೆ ಜೀವ ಬರುವುದು. ತಾಣದ ವಿಳಾಸವೇ ಬದಲಾಗಿದ್ದರೆ ಡೇಟಾಬೇಸಿನೊಳಗಿನ ಹಳೆಯ ವಿಳಾಸವನ್ನೂ ಬದಲಾಯಿಸಬೇಕು.

ಬಂದು ಸೇರಿತೇ ಎಂಬ ಪರೀಕ್ಷೆ

ಪರೀಕ್ಷೆಯನ್ನು ತಾಣ ರಚಿಸಿದ ಕಂಪ್ಯೂಟರಿನಲ್ಲಿ ಮಾಡಿದರೆ ಪ್ರಯೋಜನ ಅಲ್ಪ. ಮೊಬೈಲಿನ ವೈಫೈ ಆರಿಸಿ, ಸ್ವಂತ ಡೇಟಾದಲ್ಲಿ ಡೊಮೈನ್ ಹೆಸರನ್ನು ಬರೆದು ತೆರೆಯಿರಿ. ಪ್ರತಿಯೊಂದು ಕೊಂಡಿಯನ್ನೂ ಮುಟ್ಟಿ ನೋಡಿರಿ. ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗಬೇಕು. ಬ್ರೌಸರು ‘ಸುರಕ್ಷಿತವಲ್ಲ’ ಎಂದು ಗೊಣಗಿದರೆ ಪ್ರಮಾಣಪತ್ರ ಬಾಕಿಯಿದೆಯೆಂದು ಅರ್ಥ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳು ಉಚಿತವಾಗಿ ದೊರೆಯುವುದರಿಂದ, ಅನೇಕ ಹೋಸ್ಟಿಂಗ್ ಕಂಪನಿಗಳ ನಿಯಂತ್ರಣ ಫಲಕದಲ್ಲಿ ಒಂದೆರಡು ಗುಂಡಿಗಳನ್ನು ಒತ್ತುವುದರಿಂದಲೇ ಅದು ಸಿದ್ಧಿಸುತ್ತದೆ.

ಏನಾದರೂ ಕೆಟ್ಟಿದ್ದರೆ ರೋಗಲಕ್ಷಣದಿಂದಲೇ ರೋಗವನ್ನು ಬಹುಮಟ್ಟಿಗೆ ಗುರುತಿಸಬಹುದು.

ಒಳಕ್ಕೆ ಹೋಗುವಾಗಲೇ 530 ಎಂಬ ಸಂಖ್ಯೆ ಕಾಣಿಸಿದರೆ ಹೆಸರು ಅಥವಾ ಪಾಸ್‌ವರ್ಡು ತಪ್ಪು. ಎಫ್‌ಟಿಪಿಯಲ್ಲಿ ಒಳಗೆ ಹೋಗಿಯೂ ಫೋಲ್ಡರುಗಳ ಪಟ್ಟಿ ಬಾರದೆ ನಿಂತುಬಿಟ್ಟರೆ, ಸಂಪರ್ಕವನ್ನು ‘ಪ್ಯಾಸಿವ್’ ವಿಧಾನಕ್ಕೆ ಬದಲಾಯಿಸಬೇಕು.

ಬ್ರೌಸರಿನಲ್ಲಿ 404 ಬಂದರೆ ಆ ಹೆಸರಿನ ಕಡತವು ಆ ಸ್ಥಾನದಲ್ಲಿ ಇಲ್ಲ. ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿರಿ.

403 ಬಂದರೆ ಇಂಡೆಕ್ಸ್ ಕಡತವೇ ಇಲ್ಲ, ಇಲ್ಲವೆ ಅನುಮತಿಯ ಅಂಕಿಗಳು ಕೆಟ್ಟಿವೆ. ಈ ಅಂಕಿಗಳ ಲೆಕ್ಕ ಸುಲಭವಾದದ್ದು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ ಅಥವಾ ಫೋಲ್ಡರಾದರೆ ಒಳಹೊಗುವುದಕ್ಕೆ 1. ಮೂರು ಅಂಕಿಗಳಲ್ಲಿ ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಲೋಕಕ್ಕೆ. ಕಡತಗಳಿಗೆ 644 ಎಂದರೆ ಒಡೆಯನು ಓದಿ ಬರೆಯುವನು, ಉಳಿದವರು ಓದುವರು, ಫೋಲ್ಡರುಗಳಿಗೆ 755. ಪುಟ ಕಾಣದಿದ್ದಾಗ ಬೇಸತ್ತು 777 ಎಂದು ಕೊಡುವ ಅಭ್ಯಾಸ ಕೆಲವರಿಗುಂಟು; ಅದು ಕೀಲಿ ಕಳೆದುಹೋಯಿತೆಂದು ಬಾಗಿಲನ್ನೇ ಕಿತ್ತಿಡುವ ಉಪಾಯ.

500 ಬಂದರೆ ದೋಷವಿರುವುದು ಸರ್ವರಿನಲ್ಲಿ ನಡೆಯುವ ಪಿಎಚ್‌ಪಿಯಂಥ ಕಡತದಲ್ಲಿ ಅಥವಾ ‘ಎಚ್‌ಟಿಆ್ಯಕ್ಸೆಸ್’ ಎಂಬ, ಚುಕ್ಕಿಯಿಂದ ಆರಂಭವಾಗಿ ಕಣ್ಣಿಗೆ ಮರೆಯಾಗಿರುವ ಕಡತದಲ್ಲಿ.

ಎಲ್ಲ ತಿದ್ದಿಯೂ ಹಳೆಯ ಪುಟವೇ ಕಾಣುತ್ತಿದ್ದರೆ ಬ್ರೌಸರು ತನ್ನ ನೆನಪಿನಿಂದ ತೋರಿಸುತ್ತಿದೆ. ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಕೂಡಿಸಿ ಒತ್ತಿದರೆ ಹೊಸದು ಬರುತ್ತದೆ.

ಮುಂದಿನ ಪಾಲನೆ

ಏರಿಸಿದ ತಾಣವನ್ನು ಸರ್ವರಿನಲ್ಲಿಯೇ ನೇರವಾಗಿ ತಿದ್ದುವ ಚಾಪಲ್ಯವನ್ನು ಬಿಡಬೇಕು. ತಿದ್ದುಪಡಿ ಮೊದಲು ಮನೆಯ ಪ್ರತಿಯಲ್ಲಾಗಲಿ, ತರುವಾಯ ಸರ್ವರಿಗೆ ಹೋಗಲಿ. ಹಾಗಾದಾಗ ಎರಡು ಕಡೆಯೂ ಒಂದೇ ಪಾಠ ಉಳಿಯುತ್ತದೆ. ದೊಡ್ಡ ಬದಲಾವಣೆಗೆ ಮುನ್ನ ಸರ್ವರಿನಲ್ಲಿರುವುದನ್ನು ಒಮ್ಮೆ ಇಳಿಸಿ, ಫೋಲ್ಡರಿನ ಹೆಸರಿನಲ್ಲಿ ದಿನಾಂಕ ಬರೆದು ಇಡಿರಿ. ಫೈಲ್‌ಜಿಲ್ಲಾದಲ್ಲಿ ಪಾಸ್‌ವರ್ಡನ್ನು ಉಳಿಸುವುದಾದರೆ ಅದಕ್ಕೊಂದು ‘ಮಾಸ್ಟರ್ ಪಾಸ್‌ವರ್ಡು’ ಹಾಕಿಕೊಳ್ಳಿ; ಇಲ್ಲವಾದರೆ ಆ ಕಂಪ್ಯೂಟರು ಯಾರ ಕೈಗೆ ಹೋದರೂ ಸರ್ವರಿನ ಕೀಲಿ ಅದರೊಡನೆಯೇ ಹೋಯಿತೆಂದು ತಿಳಿಯತಕ್ಕದ್ದು. ಡೊಮೈನ್ ಮತ್ತು ಹೋಸ್ಟಿಂಗುಗಳ ನವೀಕರಣದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಸಂಘಸಂಸ್ಥೆಗಳ ತಾಣವಾದರೆ ಖಾತೆಯು ಅದನ್ನು ರಚಿಸಿಕೊಟ್ಟ ಹುಡುಗನ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು.

ವಾಚನಾಲಯದ ತಾಣವು ಮೊಬೈಲಿನಲ್ಲಿ ತೆರೆದುಕೊಂಡ ಸಂಜೆ, ಹನ್ನೊಂದು ಪುಟಗಳು ಸರಿಯಾಗಿ ಬಂದು, ಮುಖಪುಟದಲ್ಲಿ ಮಾತ್ರ ಕಟ್ಟಡದ ಹಳೆಯ ಚಿತ್ರವಿರಬೇಕಾದಲ್ಲಿ ಹರಿದ ಕಾಗದದಂಥ ಒಂದು ಗುರುತು ಕಾಣಿಸಿತು. ತರುಣನು ಚಿತ್ರವನ್ನು ಮೂರು ಸಲ ಏರಿಸಿದನು. ಮೂರು ಸಲವೂ ಅದು ಸುಖವಾಗಿಯೇ ಹೋಗಿ ಸೇರಿತು. ಪುಟದಲ್ಲಿ ಮಾತ್ರ ಕಾಣಲಿಲ್ಲ. ಕಡೆಗೆ ಎಡಗಡೆಯ ಹೆಸರನ್ನೂ ಪುಟದೊಳಗೆ ಬರೆದ ಹೆಸರನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆವು. ಕ್ಯಾಮೆರಾದಿಂದ ಬಂದ ಕಡತದ ಬಾಲದಲ್ಲಿ ‘ಜೆಪಿಜಿ’ ಎಂಬುದು ದೊಡ್ಡಕ್ಷರಗಳಲ್ಲಿತ್ತು. ಪುಟದಲ್ಲಿ ಅವನು ಸಣ್ಣಕ್ಷರಗಳಲ್ಲಿ ಬರೆದಿದ್ದನು. ಅವನ ವಿಂಡೋಸ್ ಕಂಪ್ಯೂಟರು ಇಷ್ಟು ದಿನ ಆ ಭೇದವನ್ನು ಕಾಣದಂತೆ ನಡೆದುಕೊಂಡಿತ್ತು, ಸರ್ವರು ಕಂಡಿತು. ಮೂರು ಅಕ್ಷರಗಳನ್ನು ತಿದ್ದಿದೆವು, ಚಿತ್ರ ಬಂದಿತು.

ಮೇಷ್ಟ್ರು ಮೊಬೈಲನ್ನು ಕೈಗೆ ತೆಗೆದುಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿ, “ಹೆಸರು ಸರಿಯಾಗಿ ಬರೆಯದಿದ್ದರೆ ನಾನೂ ಪುಸ್ತಕ ಕೊಡೋದಿಲ್ಲಪ್ಪ” ಎಂದರು. ಮರುವಾರ ನಾನು ಹೋದಾಗ, ಬಾಗಿಲ ಮೇಲಿನ ಹಲಗೆಯ ಕೆಳಗೆ, ತರುಣನ ಕೈಬರೆಹದ ಒಂದು ಚೀಟಿ ಅಂಟಿಕೊಂಡಿತ್ತು: ‘ಕಡತದ ಹೆಸರು: ಸಣ್ಣಕ್ಷರ ಮಾತ್ರ. ತೆರಪು ಬೇಡ.’